ಆಹಾರೋದ್ಯಮಗಳನ್ನು ಒಳಹೊಕ್ಕು ನೋಡುವ ಬಗೆ

ಹೋಟೆಲು, ಬೇಕರಿ ಅಥವಾ ಡೈರಿಯೊಂದು ಹೇಗೆ ನಡೆಯುತ್ತದೆ ಎಂಬುದು ಗಿರಾಕಿಯಾಗಿ ಮೇಜಿನ ಮುಂದೆ ಕುಳಿತವರಿಗೆ ತಿಳಿಯುವುದು ಅಷ್ಟಕ್ಕಷ್ಟೆ. ಸರಕು ಇಳಿಯುವ ಹಿಂಬಾಗಿಲು, ದಾಸ್ತಾನು ಕೋಣೆ, ಪಾತ್ರೆ ತೊಳೆಯುವ ಜಾಗ, ಇವುಗಳನ್ನು ನೋಡಬೇಕು. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಎಷ್ಟು ಜನ ಬರುತ್ತೀರಿ, ಎಷ್ಟು ಹೊತ್ತು ಇರುತ್ತೀರಿ, ಫೋಟೊ ತೆಗೆಯುತ್ತೀರೋ ಇಲ್ಲವೋ ಎಂಬುದನ್ನು ಮೊದಲೇ ತಿಳಿಸಿದರೆ ಅವರು ಒಪ್ಪುವ ಸಾಧ್ಯತೆ ಹೆಚ್ಚು.

ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಊಟದ ವೇಳೆಯ ನೂಕುನುಗ್ಗಲಿನಲ್ಲಿ ಹೋದವರಿಗೆ ಉತ್ತರ ಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ; ನಸುಕಿನಲ್ಲೇ ಹಿಟ್ಟು ನಾದಿ ಮುಗಿಸುವ ಬೇಕರಿಗೆ ಹತ್ತು ಗಂಟೆಗೆ ಹೋದರೆ ತುಂಬಿದ ಕಪಾಟುಗಳಷ್ಟೇ ಕಾಣುತ್ತವೆ. ತಲೆಗೂದಲನ್ನು ಮುಚ್ಚಿ, ಉಂಗುರ ಮತ್ತು ಗಡಿಯಾರಗಳನ್ನು ತೆಗೆದಿಟ್ಟು, ಸೋಪಿನಿಂದ ಕನಿಷ್ಠ 20 ಸೆಕೆಂಡು ಕೈ ತೊಳೆದು ಒಳಗೆ ಹೋಗಿ. ವಾಂತಿ, ಭೇದಿ, ಜ್ವರ ಇದ್ದರೆ ಭೇಟಿಯನ್ನು ಮುಂದೂಡಲೇಬೇಕು.

ಒಳಗೆ ಎಲ್ಲವನ್ನೂ ನೋಡುವ ಆಸೆ ಬೇಡ. ಒಂದೇ ಪದಾರ್ಥವನ್ನು ಆರಿಸಿಕೊಂಡು ಅದರ ಬೆನ್ನುಹತ್ತುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲಕಾರಿಯಾದ ಕ್ರಮ. ಹಾಲನ್ನೇ ತೆಗೆದುಕೊಳ್ಳಿ: ಅದನ್ನು ಇಳಿಸಿಕೊಂಡವರು ಯಾರು, ಥರ್ಮಾಮೀಟರ್ ಇಟ್ಟು ನೋಡಿದರೇ, ತಾರೀಖು ಬರೆದರೇ, ಹೊಸದನ್ನು ಹಿಂದಕ್ಕೆ ಸರಿಸಿ ಹಳೆಯದನ್ನು ಮುಂದಕ್ಕೆ ತಂದರೇ ಎಂಬುದನ್ನು ಗಮನಿಸಿ. ಮೊದಲು ಬಂದದ್ದನ್ನು ಮೊದಲು ಬಳಸುವ ಈ ಪದ್ಧತಿ ಗೋಡೆಯ ಮೇಲಿನ ಫಲಕದಲ್ಲಿದ್ದರೆ ಸಾಲದು, ಫ್ರಿಜ್ಜಿನ ಒಳಗೂ ಕಾಣಬೇಕು. ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗ ಹೆಚ್ಚುವುದರಿಂದಲೇ, ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಸಿ ಮಾಂಸವನ್ನು ಕೆಳಗಿನ ಅರೆಯಲ್ಲೇ ಏಕೆ ಇಡುತ್ತಾರೆಂದು ಕೇಳಿ. ಅದರ ರಸ ಬೇಯಿಸಿದ್ದರ ಮೇಲೆ ತೊಟ್ಟಿಕ್ಕಬಾರದೆಂಬುದು ಕಾರಣ. ಅಪಾಯ ಎಲ್ಲಿ ಹುಟ್ಟಬಹುದೆಂದು ಮೊದಲೇ ಗುರುತಿಸಿ ಅಲ್ಲಲ್ಲೇ ತಡೆಯುವ ಎಚ್‌ಎಸಿಸಿಪಿ ಎಂಬ ಕ್ರಮ 1960ರ ದಶಕದಲ್ಲಿ ಗಗನಯಾತ್ರಿಗಳ ಆಹಾರಕ್ಕಾಗಿ ರೂಪುಗೊಂಡಿತು ಎಂಬುದು ಇಲ್ಲಿ ನೆನಪಾಗುತ್ತದೆ.

ಲಾಭ ಎಷ್ಟು, ಪಾಕದ ಗುಟ್ಟೇನು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು "ನಿನ್ನೆ ಏನು ಉಳಿಯಿತು, ಅದನ್ನು ಏನು ಮಾಡಿದಿರಿ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಖರೀದಿಯ ಲೆಕ್ಕ, ಗಿರಾಕಿಗಳ ಅಂದಾಜು, ತಿಂಡಿಪಟ್ಟಿಯ ಉದ್ದ ಎಲ್ಲವೂ ಹೊರಬರುತ್ತವೆ. ಕರೆಂಟು ಹೋದಾಗ ಏನು ಮಾಡುತ್ತೀರಿ ಎಂಬುದೂ ಒಳ್ಳೆಯ ಪ್ರಶ್ನೆಯೇ. ಮಾಲೀಕರು ಒಪ್ಪಿದರೆ ಪಾತ್ರೆ ತೊಳೆಯುವವರನ್ನೂ ಮಾತನಾಡಿಸಿ. ತಟ್ಟೆಯಲ್ಲಿ ಯಾವುದು ಉಳಿದು ವಾಪಸು ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ನೋಡಿದ್ದನ್ನು ಅಂದೇ ಬರೆದಿಟ್ಟುಕೊಳ್ಳಿ. ಬೇರೆಯವರೊಡನೆ ಹಂಚಿಕೊಳ್ಳುವ ಮುನ್ನ ಮಾಲೀಕರಿಗೆ ಒಮ್ಮೆ ತೋರಿಸಿ, ಅದೇ ಸಂದರ್ಭದಲ್ಲಿ ವ್ಯಾಪಾರ ಮಂದವಾಗಿರುವ ಇನ್ನೊಂದು ದಿನ ಬರಲು ಅನುಮತಿ ಕೇಳಿಕೊಳ್ಳಿ.