ಸ್ಕಾಟ್ಲೆಂಡ್‌ನ ಪೂರ್ವ ಕರಾವಳಿಯಲ್ಲಿ ಲಿಂಕ್ಸ್ ಗಾಲ್ಫ್ ಪ್ರವಾಸ: ಯೋಜಿಸುವ ಬಗೆ

ಎಡಿನ್‌ಬರಾದಿಂದ ಉತ್ತರದ ಡಾರ್ನಾಕ್‌ವರೆಗೆ ಕಾರಿನಲ್ಲಿ ಸಾಗುತ್ತ, ದಾರಿಯುದ್ದಕ್ಕೂ ಕಡಲಂಚಿನ ಹಳೆಯ ಲಿಂಕ್ಸ್ ಮೈದಾನಗಳಲ್ಲಿ ಆಡಬೇಕೆಂದು ಹೊರಡುವವರು ನಕ್ಷೆ ಬಿಡಿಸುವ ಮೊದಲು ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಈ ಪ್ರವಾಸದ ಬೆನ್ನೆಲುಬು ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್. ಅಲ್ಲಿ ಯಾವ ದಿನ ಆಡಲು ಸಿಗುತ್ತದೆ ಎಂಬುದು ಬಹುಪಾಲು ಚೀಟಿ ಎತ್ತುವಿಕೆಯಿಂದ, ಅಂದರೆ ಬ್ಯಾಲೆಟ್‌ನಿಂದ, ತೀರ್ಮಾನವಾಗುತ್ತದೆ. ಆದ್ದರಿಂದ ಪ್ರತಿದಿನವೂ ಬೇರೆ ಊರು, ಬೇರೆ ಮೈದಾನ ಎಂದು ಬಿಗಿಯಾಗಿ ಹೆಣೆದ ಯೋಜನೆ ಇಲ್ಲಿ ಕೈಕೊಡುತ್ತದೆ. ಎರಡು ಮೂರು ಊರುಗಳಲ್ಲಿ ನೆಲೆ ನಿಂತು, ಸುತ್ತಲಿನ ಮೈದಾನಗಳಿಗೆ ಹೋಗಿಬರುವುದೇ ಸರಿಯಾದ ಕ್ರಮವೆಂದು ನನ್ನ ದೃಢ ಅಭಿಪ್ರಾಯ. ಹತ್ತು ಹನ್ನೆರಡು ದಿನಗಳಿದ್ದರೆ ನೆಮ್ಮದಿಯಾಗಿ ಆಡಬಹುದು.

ಓಲ್ಡ್ ಕೋರ್ಸ್ ಯಾವ ಖಾಸಗಿ ಕ್ಲಬ್ಬಿನ ಸ್ವತ್ತೂ ಅಲ್ಲ. ಊರಿನ ಜನರಿಗೆ ಅಲ್ಲಿ ಆಡುವ ಹಕ್ಕಿದೆಯೆಂದು ಆರ್ಚ್‌ಬಿಷಪ್ ಹ್ಯಾಮಿಲ್ಟನ್ 1552ರಲ್ಲೇ ಸನದಿನ ಮೂಲಕ ಮಾನ್ಯ ಮಾಡಿದ್ದರು. ಇಂದು ಆ ಮೈದಾನವನ್ನು ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್ ನಡೆಸುತ್ತದೆ, ಹೊರಗಿನವರಿಗೂ ಅದು ತೆರೆದಿದೆ. ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ ಎರಡು ಗಂಟೆಯೊಳಗೆ, ಇಬ್ಬರಿಂದ ನಾಲ್ವರ ಗುಂಪಾಗಿ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು, ಫಲಿತಾಂಶ ಅದೇ ಸಂಜೆಯೊಳಗೆ ತಿಳಿಯುತ್ತದೆ. ಒಬ್ಬರೇ ಬಂದವರಿಗೆ ಬೇರೆ ಡ್ರಾ ಇದೆ, ಆದರೆ ಅದಕ್ಕೆ ಹಿಂದಿನ ದಿನ ಊರಿನಲ್ಲೇ ಇದ್ದು ಹೆಸರು ನೋಂದಾಯಿಸಬೇಕು. ದಿನಾಂಕವನ್ನು ಮೊದಲೇ ಖಚಿತಪಡಿಸಿಕೊಳ್ಳಲು ಬಯಸುವವರು ಹಿಂದಿನ ವರ್ಷವೇ ಟ್ರಸ್ಟ್‌ಗೆ ಅರ್ಜಿ ಹಾಕಬೇಕು. ಆಟಗಾರನ ಮಟ್ಟವನ್ನು ತಿಳಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಕಡ್ಡಾಯ. ನಿಮ್ಮ ಕ್ಲಬ್ ಬೆಂಗಳೂರಿನದಾಗಿರಲಿ, ಮೈಸೂರಿನದಾಗಿರಲಿ, ಅಲ್ಲಿಂದ ಪಡೆದ ಪ್ರಮಾಣಪತ್ರದ ಮುದ್ರಿತ ಪ್ರತಿಯೊಂದು ಬ್ಯಾಗಿನಲ್ಲಿರಲಿ. ಬೇಸಿಗೆಯ ಶುಲ್ಕ ಒಬ್ಬರಿಗೆ 300 ಪೌಂಡ್ ದಾಟುತ್ತದೆ.

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ, ದೊಡ್ಡ ಪಂದ್ಯಗಳ ಸಮಯವನ್ನು ಬಿಟ್ಟರೆ, ಆಟವಿಲ್ಲ. ಅಂದು ಅದು ಊರಿನ ಉದ್ಯಾನ. ಮಕ್ಕಳು, ನಾಯಿಗಳನ್ನು ಹಿಡಿದವರು, ಹುಲ್ಲಿನ ಮೇಲೆ ವಿಹರಿಸುವ ವೃದ್ಧರು ಎಲ್ಲರೂ ಅಲ್ಲಿ ತುಂಬಿರುತ್ತಾರೆ. ಆದ್ದರಿಂದ ಶನಿವಾರ ಸಂಜೆಗೇ ಊರು ಸೇರಿ, ಭಾನುವಾರ ಇಡೀ ಮೈದಾನವನ್ನು ಕಾಲ್ನಡಿಗೆಯಲ್ಲಿ ನೋಡಿಕೊಂಡು, ಸೋಮವಾರದಿಂದ ಗುರುವಾರದವರೆಗೆ ಪ್ರತಿದಿನಕ್ಕೂ ಬ್ಯಾಲೆಟ್‌ನಲ್ಲಿ ಹೆಸರು ಹಾಕುವುದು ಜಾಣತನ. ಸೋಮವಾರದ ಬ್ಯಾಲೆಟ್ ಶನಿವಾರವೇ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಭಾನುವಾರದ ನಡಿಗೆ ಬರೀ ಕಾಲಹರಣವಲ್ಲ. 18 ಹೋಲ್‌ಗಳಿಗೆ ಅಲ್ಲಿರುವ ಗ್ರೀನ್‌ಗಳು, ಅಂದರೆ ಗುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸುಗಳು, 11 ಮಾತ್ರ. ಏಳು ಗ್ರೀನ್‌ಗಳನ್ನು ಎರಡೆರಡು ಹೋಲ್‌ಗಳು ಹಂಚಿಕೊಳ್ಳುತ್ತವೆ, ಮತ್ತು ಆ ಜೋಡಿಗಳ ಸಂಖ್ಯೆ ಕೂಡಿಸಿದರೆ ಯಾವಾಗಲೂ 18 ಬರುತ್ತದೆ. ಹೋಗುವ ಒಂಬತ್ತಕ್ಕೆ ಬಿಳಿ ಬಾವುಟ, ಮರಳುವ ಒಂಬತ್ತಕ್ಕೆ ಕೆಂಪು. ಮೊದಲ ಹೊಡೆತದ ಜಾಗವಾದ ಟೀಯಿಂದ ನೋಡಿದರೆ ಕಾಣದ ಬಂಕರ್ ಎಂಬ ಮರಳುಗುಂಡಿಗಳು ಎಲ್ಲಿ ಹುದುಗಿವೆ, ಹದಿನಾಲ್ಕನೆಯ ಹೋಲ್‌ನ ಹೆಲ್ ಬಂಕರ್ ಎಷ್ಟು ಆಳವಿದೆ, ಹದಿನೇಳರ ಗ್ರೀನ್‌ಗೂ ಅದರ ಹಿಂದಿನ ರಸ್ತೆಗೂ ನಡುವೆ ಎಷ್ಟು ಕಡಿಮೆ ಜಾಗವಿದೆ ಎಂಬುದನ್ನು ಹತ್ತಿರದಿಂದ ನೋಡಿದವರು ಮರುದಿನ ಬೇರೆಯೇ ಆಟ ಆಡುತ್ತಾರೆ.

ಬ್ಯಾಲೆಟ್ ಒಲಿಯದ ದಿನಗಳಿಗೆ ಹತ್ತಿರದಲ್ಲೇ ಚಿನ್ನದಂಥ ಮೈದಾನಗಳಿವೆ. ಓಲ್ಡ್ ಕೋರ್ಸ್‌ನ ಪಕ್ಕದ ನ್ಯೂ ಕೋರ್ಸ್ ಹೆಸರಿಗೆ ಹೊಸದಾದರೂ ಹಿರಿಯ ಟಾಮ್ ಮಾರಿಸ್ 1895ರಲ್ಲಿ ರೂಪಿಸಿದ್ದು. ಕರಾವಳಿಯ ಎ917 ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಕ್ರೇಲ್ ಸಿಗುತ್ತದೆ, ಅಲ್ಲಿನ ಗಾಲ್ಫ್ ಸಂಘ 1786ರದು. ಮುಂದಿನ ಈಲಿ ನನಗೆ ಅತ್ಯಂತ ಪ್ರಿಯವಾದ ಮೈದಾನ. ಅದರ ಮೊದಲ ಟೀಯ ಮುಂದೆಯೇ ದಿಬ್ಬವೊಂದು ಅಡ್ಡ ನಿಂತಿರುವುದರಿಂದ ಆಚೆ ಆಡುತ್ತಿರುವವರು ಕಾಣುವುದಿಲ್ಲ. ಹೀಗಾಗಿ ಎಚ್‌ಎಂಎಸ್ ಎಕ್ಸ್‌ಕ್ಯಾಲಿಬರ್ ಎಂಬ ಜಲಾಂತರ್ಗಾಮಿಯಿಂದ ತೆಗೆದ ಪೆರಿಸ್ಕೋಪನ್ನು, ಆಟಗಾರರನ್ನು ಸರದಿಯಂತೆ ಆಟಕ್ಕೆ ಬಿಡುವ ಸ್ಟಾರ್ಟರ್‌ನ ಕೊಠಡಿಯಲ್ಲಿ ನಿಲ್ಲಿಸಿದ್ದಾರೆ. ಸ್ಟಾರ್ಟರ್ ಅದರೊಳಗೆ ಕಣ್ಣಿಟ್ಟು ದಾರಿ ತೆರವಾಗಿದೆಯೆಂದು ಹೇಳಿದ ಮೇಲೆಯೇ ಚೆಂಡು ಹೊಡೆಯಬೇಕು. ಹದಿನಾರು ಪಾರ್ ನಾಲ್ಕು (ಅಂದರೆ ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ ಹೋಲ್‌ಗಳು), ಎರಡು ಪಾರ್ ಮೂರು, ಒಂದೂ ಪಾರ್ ಐದು ಇಲ್ಲದ ಈ ಮೈದಾನ ಯಾವ ದೊಡ್ಡ ಪಂದ್ಯದ ಪಟ್ಟಿಯಲ್ಲೂ ಇಲ್ಲ. ಅಂಥವನ್ನು ಬಿಟ್ಟು ಟಿವಿಯಲ್ಲಿ ಕಂಡ ಹೆಸರುಗಳನ್ನಷ್ಟೇ ಬೆನ್ನಟ್ಟುವುದು ಈ ಕರಾವಳಿಗೆ ಮಾಡುವ ಅನ್ಯಾಯ.

ಪ್ರವಾಸದ ಆರಂಭವನ್ನು ಎಡಿನ್‌ಬರಾದ ಪೂರ್ವಕ್ಕೆ ಇಟ್ಟುಕೊಳ್ಳುವುದು ಲೇಸು. ಮಸಲ್‌ಬರಾ ಓಲ್ಡ್ ಲಿಂಕ್ಸ್‌ನಲ್ಲಿ 1672ರಲ್ಲಿ ಆಟ ನಡೆದ ದಾಖಲೆಯಿದೆ. 1874ರಿಂದ 1889ರ ನಡುವೆ ಆರು ಬಾರಿ ಓಪನ್ ಚಾಂಪಿಯನ್‌ಶಿಪ್ ನಡೆದದ್ದೂ ಇಲ್ಲಿಯೇ. ಈಗ ಕುದುರೆ ರೇಸಿನ ಟ್ರ್ಯಾಕಿನ ನಡುವೆ ಒಂಬತ್ತು ಹೋಲ್‌ಗಳಷ್ಟೇ ಉಳಿದಿವೆ, ವಿಮಾನದ ದಣಿವು ಆರಿಸಿಕೊಳ್ಳುವ ಮೊದಲ ದಿನಕ್ಕೆ ಅಷ್ಟು ಸಾಕು. ಅಲ್ಲಿಂದ ನಾರ್ತ್ ಬೆರಿಕ್‌ಗೆ ಹೋಗಿ ಎರಡು ಮೂರು ರಾತ್ರಿ ತಂಗಬಹುದು. ಅಲ್ಲಿನ ವೆಸ್ಟ್ ಲಿಂಕ್ಸ್‌ನ ಹದಿಮೂರನೆಯ ಹೋಲ್‌ನಲ್ಲಿ ಗ್ರೀನ್‌ನ ಮುಂದೆಯೇ ಮೋಟು ಕಲ್ಲುಗೋಡೆ ಅಡ್ಡ ಹಾಯ್ದಿದೆ. ಚೆಂಡು ಗೋಡೆಗೆ ಒತ್ತಿ ನಿಂತರೆ ಗ್ರೀನ್‌ಗೆ ಬೆನ್ನು ಮಾಡಿ ಪಕ್ಕಕ್ಕೆ ಹೊಡೆಯದೆ ಗತ್ಯಂತರವಿಲ್ಲ. ಹದಿನೈದನೆಯದಾದ ರೆಡಾನ್ ಜಗತ್ತಿನಲ್ಲೇ ಅತಿ ಹೆಚ್ಚು ಅನುಕರಣೆಗೊಂಡ ಹೋಲ್‌ಗಳಲ್ಲಿ ಒಂದು. ಸಮೀಪದ ಮ್ಯೂರ್‌ಫೀಲ್ಡ್‌ನಲ್ಲಿ ಅತಿಥಿಗಳಿಗೆ ನಿಗದಿತ ದಿನಗಳಲ್ಲಿ ಮಾತ್ರ ಅವಕಾಶವಿರುವುದರಿಂದ ತಿಂಗಳುಗಳ ಮೊದಲೇ ಬುಕ್ ಮಾಡಬೇಕು. ಅದು ಸಿಗದಿದ್ದರೆ ಗಲ್ಲನ್ ಇದೆ.

ಸಮಯದ ವಿಷಯದಲ್ಲಿ ಮೇ, ಜೂನ್ ಮತ್ತು ಸೆಪ್ಟೆಂಬರ್ ಮೊದಲರ್ಧವನ್ನು ನಾನು ಸೂಚಿಸುತ್ತೇನೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಸಂಜೆ ಐದಕ್ಕೆ ಆರಂಭಿಸಿದರೂ ಒಂದು ಸುತ್ತು ಮುಗಿಯುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಡನ್‌ಹಿಲ್ ಲಿಂಕ್ಸ್ ಪಂದ್ಯಕ್ಕಾಗಿ ಓಲ್ಡ್ ಕೋರ್ಸ್, ಕಾರ್ನೂಸ್ಟಿ, ಕಿಂಗ್ಸ್‌ಬಾರ್ನ್ಸ್ ಮೂರೂ ಕಾಯ್ದಿರಿಸಲ್ಪಡುತ್ತವೆ. 2027ರ ಜುಲೈಯಲ್ಲಿ ಓಪನ್ ಸೇಂಟ್ ಆಂಡ್ರೂಸ್‌ಗೇ ಬರಲಿರುವುದರಿಂದ ಆ ಬೇಸಿಗೆಯನ್ನು ತಪ್ಪಿಸುವುದು ಕ್ಷೇಮ. ಚಳಿಗಾಲದಲ್ಲಿ ಓಲ್ಡ್ ಕೋರ್ಸ್‌ನ ಫೇರ್‌ವೇಯಲ್ಲಿ, ಅಂದರೆ ಟೀಗೂ ಗ್ರೀನ್‌ಗೂ ನಡುವಿನ ಹುಲ್ಲಿನ ಹಾದಿಯಲ್ಲಿ, ಪುಟ್ಟ ಚಾಪೆಯ ಮೇಲೆ ಚೆಂಡಿಟ್ಟು ಹೊಡೆಯಬೇಕಾಗುತ್ತದೆ. ಬೇಸಿಗೆಯಲ್ಲೂ ಸಮುದ್ರದಿಂದ ಹಠಾತ್ತನೆ ಮಂಜು ನುಗ್ಗುತ್ತದೆ, ಗಾಳಿಯಂತೂ ನಿಲ್ಲುವುದೇ ಇಲ್ಲ. ಒಳ್ಳೆಯ ಜಲನಿರೋಧಕ ಅಂಗಿ, ಪ್ಯಾಂಟು, ಮಳೆಯಲ್ಲಿ ಹಿಡಿತ ತಪ್ಪದ ಒಂದು ಜೊತೆ ಗ್ಲೌಸ್ ಇವುಗಳಿಗೆ ಹಣ ಉಳಿಸಬಾರದು.

ನೀರುಣಿಸಿದ ಮೆತ್ತನೆಯ ಹುಲ್ಲಿನ ಮೇಲೆ ಚೆಂಡನ್ನು ಎತ್ತರಕ್ಕೆ ಹಾರಿಸಿ ಗ್ರೀನ್ ಮೇಲೆ ನಿಲ್ಲಿಸಿ ಅಭ್ಯಾಸವಿರುವ ನಮ್ಮವರು ಹೊರಡುವ ಮೊದಲೇ ಒಂದು ತಿಂಗಳು ಬೇರೆ ತಾಲೀಮು ಮಾಡಬೇಕು. ಲಿಂಕ್ಸ್‌ನ ನೆಲ ಮರಳಿನದು, ಮೇಲಿನ ಫೆಸ್ಕ್ಯೂ ಹುಲ್ಲು ತೆಳು ಮತ್ತು ಗಟ್ಟಿ. ಎತ್ತರದ ಹೊಡೆತವನ್ನು ಗಾಳಿ ಒಯ್ಯುತ್ತದೆ, ಇಳಿದದ್ದು ಪುಟಿದು ಗ್ರೀನ್ ದಾಟಿ ಮುಂದಕ್ಕೆ ಓಡುತ್ತದೆ. ಗ್ರೀನ್‌ನಿಂದ ಮೂವತ್ತು ಗಜ ಹೊರಗಿದ್ದರೂ ಚೆಂಡನ್ನು ಉರುಳಿಸುವ ಕೋಲಾದ ಪಟರ್ ಹಿಡಿಯುವುದು ಅಲ್ಲಿ ನಾಚಿಕೆಯ ವಿಷಯವಲ್ಲ, ಎಷ್ಟೋ ವೇಳೆ ಬ್ಯಾಗ್ ಹೊತ್ತು ಸಲಹೆ ಕೊಡುವ ಕ್ಯಾಡಿ ತಾನಾಗಿ ಅದನ್ನೇ ಕೈಗೆ ಕೊಡುತ್ತಾನೆ. ಓಲ್ಡ್ ಕೋರ್ಸ್‌ನಲ್ಲಾದರೂ ಕ್ಯಾಡಿಯನ್ನು ಗೊತ್ತು ಮಾಡಿಕೊಳ್ಳಿ. ಬಗ್ಗಿಯ ಭರವಸೆಯಂತೂ ಬೇಡ, ಈ ಮೈದಾನಗಳಲ್ಲಿ ನಡೆದೇ ಆಡುವುದು ರೂಢಿ.

ಕಾರಿನ ವಿಷಯದಲ್ಲಿ ನಮಗೆ ಅನುಕೂಲವೇ ಹೆಚ್ಚು. ಅಲ್ಲೂ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ, ಭಾರತದ ಲೈಸೆನ್ಸ್ ಮೇಲೆ ಹನ್ನೆರಡು ತಿಂಗಳವರೆಗೆ ಕಾರು ಓಡಿಸಬಹುದು. ಆದರೆ ನಾಲ್ವರು ಮತ್ತು ನಾಲ್ಕು ಗಾಲ್ಫ್ ಬ್ಯಾಗ್ ಸಾಧಾರಣ ಕಾರಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಬುಕ್ ಮಾಡುವಾಗಲೇ ಏಳು ಅಥವಾ ಒಂಬತ್ತು ಸೀಟಿನ ವ್ಯಾನ್ ಕೇಳಬೇಕು. ಕ್ಲಬ್‌ಹೌಸ್‌ನಲ್ಲಿ ಆಟದ ನಂತರ ಒಂದು ಗ್ಲಾಸ್ ಕುಡಿಯುವ ಮನಸ್ಸಿದ್ದರೆ ಆ ದಿನ ಚಾಲಕ ಬೇರೆಯವನಾಗಿರಲಿ: ಸ್ಕಾಟ್ಲೆಂಡ್‌ನಲ್ಲಿ ಮದ್ಯದ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡ್‌ಗಿಂತ ಕಡಿಮೆ.

ಸೇಂಟ್ ಆಂಡ್ರೂಸ್ ಬಿಟ್ಟ ಮೇಲೆ ಟೇ ಸೇತುವೆ ದಾಟಿ ಡಂಡೀ ಮೂಲಕ ಕಾರ್ನೂಸ್ಟಿಗೆ ಒಂದು ಗಂಟೆಯೂ ಬೇಕಿಲ್ಲ. 1999ರ ಓಪನ್‌ನಲ್ಲಿ ಕೊನೆಯ ಹೋಲ್‌ಗೆ ಮೂರು ಹೊಡೆತಗಳ ಮುನ್ನಡೆಯಲ್ಲಿ ಬಂದ ಫ್ರೆಂಚ್ ಆಟಗಾರ ಝಾನ್ ವಾನ್ ಡ ವೆಲ್ಡ್ ಬರಿಗಾಲಲ್ಲಿ ಇಳಿದ ಬ್ಯಾರಿ ಬರ್ನ್ ತೊರೆ ಅಲ್ಲಿದೆ. ಇನ್ನೂ ಉತ್ತರಕ್ಕೆ, ಅಬರ್ಡೀನ್ ದಾಟಿದರೆ, ಎತ್ತರದ ಮರಳುದಿಬ್ಬಗಳ ಕ್ರೂಡನ್ ಬೇ. ಕೊನೆಯ ಮೂರು ರಾತ್ರಿಗಳನ್ನು ಡಾರ್ನಾಕ್‌ಗೆ ಮೀಸಲಿಡಿ: ಒಂದು ದಿನ ರಾಯಲ್ ಡಾರ್ನಾಕ್, ಮರುದಿನ ಬ್ರೋರಾ, ಅಲ್ಲಿ ಕುರಿ ದನಗಳು ಫೇರ್‌ವೇಯಲ್ಲೇ ಮೇಯುತ್ತವೆ ಮತ್ತು ಗ್ರೀನ್‌ಗಳ ಸುತ್ತ ವಿದ್ಯುತ್ ತಂತಿಯ ಬೇಲಿ ಇರುತ್ತದೆ. ಕಾರನ್ನು ಎಡಿನ್‌ಬರಾಕ್ಕೆ ಮರಳಿಸದೆ ಇನ್ವರ್ನೆಸ್‌ನಲ್ಲೇ ಒಪ್ಪಿಸುವಂತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಅದಕ್ಕೆ ಹೆಚ್ಚುವರಿ ಶುಲ್ಕ ತಗುಲಿದರೂ ಇನ್ವರ್ನೆಸ್‌ನಿಂದ ಲಂಡನ್‌ಗೆ ನೇರ ವಿಮಾನವಿರುವುದರಿಂದ ಒಂದು ಇಡೀ ದಿನ ಉಳಿಯುತ್ತದೆ, ಆ ದಿನ ರಾಯಲ್ ಡಾರ್ನಾಕ್‌ನಲ್ಲಿ ಇನ್ನೊಂದು ಸುತ್ತು ಆಡಬಹುದು.