ಬೇಸಿಗೆಯಲ್ಲಿ ನಾಯಿಗೆ ಒಣ ಫುಡ್ ಒಳ್ಳೆಯದಾ, ಗ್ರೇವಿನಾ?

ನಮ್ಮ ಕಲಬುರಗಿ ಬಿಸಿಲು 40 ಡಿಗ್ರಿ ದಾಟಿದಾಗ ನಾಯಿಗಳು ಊಟ ಕಡಿಮೆ ಮಾಡುತ್ತವೆ. ಒಣ ಫುಡ್‌ನಲ್ಲಿ ನೀರಿನಂಶ ಸುಮಾರು ಶೇ. 10 ಅಷ್ಟೇ. ಪೌಚ್ ಗ್ರೇವಿಯಲ್ಲಿ ಶೇ. 75ಕ್ಕೂ ಜಾಸ್ತಿ. ಆದರೆ ದಿನಾ ಗ್ರೇವಿ ದುಬಾರಿ ಅಲ್ವಾ? ಒಣ ಫುಡ್ಡನ್ನೇ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಕಾಳು ಉಬ್ಬಿ, ಬೆರಳಲ್ಲಿ ಒತ್ತಿದರೆ ಒಳಗೂ ಮೆತ್ತಗಿರಬೇಕು. ತಿಂದು ಉಳಿದದ್ದನ್ನು ತಕ್ಷಣ ತೆಗೆದುಬಿಡಿ, ಈ ಧಗೆಗೆ ಬೇಗ ಹಳಸುತ್ತದೆ.

ತೆರೆದ ಚೀಲದಿಂದ ತೂಗಿ ಕೊಡುವ ಫುಡ್ ಅಗ್ಗ ನಿಜ, ಆದರೆ ತಯಾರಾದ ದಿನಾಂಕವೇ ಗೊತ್ತಾಗಲ್ಲ. ಸಣ್ಣ ಪ್ಯಾಕೆಟ್ ತಗೊಳ್ಳಿ ಅಂತೀನಿ ನಾನು.

ಮನೆಯೂಟ ಹಾಕುವವರು ಬರೀ ಜೋಳದ ರೊಟ್ಟಿ-ಹಾಲು ಸಾಕು ಅಂದುಕೊಳ್ಳಬೇಡಿ, ಬೇಯಿಸಿದ ಮೊಟ್ಟೆಯೋ ಚಿಕನ್ನೋ ಸೇರಿಸಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಸಾರು ಖಂಡಿತ ಬೇಡ. ಅದು ನಾಯಿಯ ಕೆಂಪು ರಕ್ತಕಣಗಳನ್ನೇ ಹಾಳುಮಾಡುತ್ತದೆ.