ಕಾರವಾರದ ಮಳೆಗಾಲ ಕಲಿಸಿದ ಸಾಮಗ್ರಿ ಲೆಕ್ಕ

ಕೋಡಿಬಾಗದಲ್ಲಿ ಮೊದಲ ಬಾರಿಗೆ ಸ್ವತಂತ್ರವಾಗಿ ಮನೆಯೊಂದರ ಕೆಲಸ ವಹಿಸಿಕೊಂಡಾಗ, ದರ ಏರುವ ಮೊದಲೇ ತೆಗೆದಿಡೋಣವೆಂದು ಮೇ ಕೊನೆಯಲ್ಲಿ 200 ಚೀಲ ಸಿಮೆಂಟನ್ನು ಒಟ್ಟಿಗೆ ತರಿಸಿದ್ದೆ. ಜೂನಿನಲ್ಲಿ ಮಳೆ ಹಿಡಿದು ಸ್ಲ್ಯಾಬಿನ ಕೆಲಸ ಮುಂದಕ್ಕೆ ಹೋಯಿತು. ಆಗಸ್ಟಿನಲ್ಲಿ ನೋಡಿದರೆ ನೆಲಕ್ಕೂ ಗೋಡೆಗೂ ತಾಗಿದ್ದ 34 ಚೀಲಗಳು ಹೆಂಟೆಗಟ್ಟಿದ್ದವು. ಮಾಡು ಸೋರಿರಲಿಲ್ಲ, ಕಡಲ ಕಡೆಯ ತೇವದ ಗಾಳಿಯೇ ಅಷ್ಟು ಮಾಡಿತ್ತು.

ಅಂದಿನಿಂದ ಸಿಮೆಂಟನ್ನು ದರ ನೋಡಿಯಲ್ಲ, ಕೆಲಸದ ದಿನ ನೋಡಿ ತರಿಸುತ್ತೇನೆ. ಮಳೆಗಾಲದಲ್ಲಿ ಹತ್ತು ದಿನಕ್ಕೆ ಸಾಲುವಷ್ಟು ಮಾತ್ರ. ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಎರಡು ಅಡಿ ಬಿಟ್ಟು, ಹತ್ತು ಚೀಲಕ್ಕಿಂತ ಎತ್ತರವಾಗದಂತೆ ಪೇರಿಸಿ, ಹಳೆಯದು ಮೊದಲು ಖರ್ಚಾಗುವಂತೆ ಪ್ರತಿ ಲೋಡಿಗೂ ಬಂದ ತಾರೀಖು ಬರೆಸುತ್ತೇನೆ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಕಾಲಂ, ಬೀಮುಗಳಿಗೆ ಮುಟ್ಟುವುದಿಲ್ಲ. ಜಲ್ಲಿ, ಚಿರೆಕಲ್ಲುಗಳ ಮಾತು ಬೇರೆ. ಅವು ಕೆಡುವುದಿಲ್ಲ, ದಾರಿ ಮಾತ್ರ ಕೆಡುತ್ತದೆ; 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ ಮೇಲೆ, ಅವನ್ನು ಮೇ ಒಳಗೇ ಇಳಿಸಿಕೊಳ್ಳುತ್ತಿದ್ದೇನೆ.

ಒದ್ದೆ ಮರಳು ಉಬ್ಬಿ ನೂರಕ್ಕೆ 20ರಿಂದ 30ರಷ್ಟು ಹೆಚ್ಚು ಜಾಗ ತುಂಬುವುದರಿಂದ, ಪೆಟ್ಟಿಗೆಯಲ್ಲಿ ಅಳೆಯುವಾಗ ಆ ಉಬ್ಬನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಕಬ್ಬಿಣದ ಸರಳುಗಳನ್ನು ಎಣಿಸಿ ತೂಕದ ಚೀಟಿಯೊಂದಿಗೆ ತಾಳೆ ನೋಡುತ್ತೇನೆ: 12 ಮಿ.ಮೀ. ದಪ್ಪದ, 12 ಮೀಟರ್ ಉದ್ದದ ಒಂದು ಸರಳು ಸುಮಾರು 10.66 ಕಿಲೋ ತೂಗಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ದಿನದ ಸಾಮಗ್ರಿ ಖರ್ಚಿನ ಪುಸ್ತಕ. ಒಮ್ಮೆ 100 ಚದರ ಮೀಟರ್ ವಿಸ್ತೀರ್ಣದ, 125 ಮಿ.ಮೀ. ದಪ್ಪದ ಸ್ಲ್ಯಾಬಿಗೆ, ಘನ ಮೀಟರಿಗೆ 8 ಚೀಲದಂತೆ 100 ಚೀಲ ಸಾಕಾಗಬೇಕಿತ್ತು, ಹೋದದ್ದು 112. ಕಾವಲಿನವನ ಮೇಲೆ ಎಲ್ಲರ ಕಣ್ಣು ಬಿತ್ತು. ಪೈಪಿಗೆಂದು ಬಿಟ್ಟ ತೂತುಗಳಲ್ಲಿ ದಪ್ಪ ಅಳೆದು ನೋಡಿದಾಗ ಅದು ಸರಾಸರಿ 140 ಮಿ.ಮೀ. ಇತ್ತು. ಸೆಂಟ್ರಿಂಗಿನ, ಅಂದರೆ ಹಸಿ ಕಾಂಕ್ರೀಟನ್ನು ಹೊರುವ ಹಲಗೆಗಳ, ಆಧಾರಗಳು ಹಸಿ ಮಣ್ಣಿನಲ್ಲಿ ಹೂತು ಹಲಗೆಗಳು ಬಾಗಿದ್ದವು, ಹೆಚ್ಚಿನ ಸಿಮೆಂಟೆಲ್ಲ ಆ ತಗ್ಗಿನಲ್ಲಿತ್ತು. ಕಾವಲಿನವನನ್ನು ಎಲ್ಲರ ಎದುರಿಗೇ ಕರೆದು ಲೆಕ್ಕ ತೋರಿಸಿದೆ. ಈಗ ಸ್ಲ್ಯಾಬಿನ ಹಿಂದಿನ ಸಂಜೆ ಪ್ರತಿ ಆಧಾರದ ಕೆಳಗೂ ಹಲಗೆ ತುಂಡು ಇದೆಯೇ ಎಂದು ಮೇಸ್ತ್ರಿಯ ಜೊತೆ ನಾನೇ ನೋಡಿ, ನಂತರವೇ ಚೀಲ ಇಳಿಸಲು ಹೇಳುತ್ತೇನೆ.